ಕ್ಯಾಸಿನೊದಲ್ಲಿ ಹದಿನೆಂಟು ಲಕ್ಷ ಗೆದ್ದವರ ಕೈಯಲ್ಲಿ ಉಳಿಯುವುದೆಷ್ಟು?

ಪ್ರಶ್ನೆ: ನಾನು ಬ್ರಹ್ಮಾವರ ಸಮೀಪದವನು. ಮಣಿಪಾಲದ ಖಾಸಗಿ ಸಂಸ್ಥೆಯೊಂದರಲ್ಲಿ ಉದ್ಯೋಗ, ವರ್ಷದ ಸಂಬಳ 9,75,000 ರೂಪಾಯಿ, ಹೊಸ ತೆರಿಗೆ ಪದ್ಧತಿಯಲ್ಲಿದ್ದೇನೆ. 2025ರ ಡಿಸೆಂಬರ್‌ನಲ್ಲಿ ಇಬ್ಬರು ಸ್ನೇಹಿತರ ಜೊತೆ ಪಣಜಿಗೆ ಹೋಗಿದ್ದಾಗ ಮಾಂಡೋವಿ ನದಿಯ ಕ್ಯಾಸಿನೊ ಹಡಗೊಂದರಲ್ಲಿ ಸ್ಲಾಟ್ ಯಂತ್ರದಲ್ಲಿ ನನಗೆ 18 ಲಕ್ಷ ರೂಪಾಯಿಯ ಜಾಕ್‌ಪಾಟ್ ಬಂತು. 5,40,000 ರೂಪಾಯಿ ಟಿಡಿಎಸ್ (ಹಣ ಕೊಡುವವರೇ ಮೊದಲು ಹಿಡಿದಿಡುವ ತೆರಿಗೆ) ಹಿಡಿದು ಉಳಿದ 12,60,000 ರೂಪಾಯಿಯನ್ನು ಖಾತೆಗೆ ಹಾಕಿದರು. ಅದೇ ರಾತ್ರಿ ರೂಲೆಟ್ ಮೇಜಿನಲ್ಲಿ ಎರಡೂವರೆ ಲಕ್ಷ ಕಳೆದುಕೊಂಡೆ. ಹಿಂದಿನ ಎರಡು ವರ್ಷಗಳಲ್ಲಿ ನಾಲ್ಕು ಸಲ ಹೋಗಿ ಸುಮಾರು 6 ಲಕ್ಷ ಕಳೆದಿದ್ದೇನೆ. ಈ ನಷ್ಟವನ್ನು ಗೆಲುವಿನಲ್ಲಿ ಕಳೆದು, ಹಿಡಿದ ತೆರಿಗೆಯಲ್ಲಿ ಒಂದಷ್ಟನ್ನು ಮರಳಿ ಪಡೆಯಬಹುದೇ? ಸೋದರಮಾವ ಇದನ್ನು ಅಡಿಕೆ ತೋಟದ ಆದಾಯವೆಂದು ತೋರಿಸು, ತೆರಿಗೆಯೇ ಇಲ್ಲ ಎನ್ನುತ್ತಾರೆ. ನನ್ನನ್ನು ಓದಿಸಿದವರು ಅವರೇ ಆದ್ದರಿಂದ ಅವರಿಗೆ 5 ಲಕ್ಷ ಕೊಡಬೇಕೆಂದಿದ್ದೇನೆ. ಜೊತೆಗೆ ಬಂದ ಸ್ನೇಹಿತರು, ಕಾರಿನಲ್ಲಿ ಹೋಗುವಾಗ ‘ಯಾರಿಗೆ ಬಂದರೂ ಮೂವರಿಗೂ’ ಎಂದು ಮಾತಾಗಿತ್ತೆಂದು ಪಾಲು ಕೇಳುತ್ತಿದ್ದಾರೆ. ಮಂದಾರ್ತಿ ಯಕ್ಷಗಾನ ಮೇಳದ ಒಂದು ಹರಕೆ ಆಟ ಆಡಿಸುವ ಮನಸ್ಸೂ ಇದೆ. ಈ ನಡುವೆ ಕ್ಯಾಸಿನೊದವರು ವಾರಕ್ಕೊಮ್ಮೆ ಫೋನ್ ಮಾಡಿ, ರೂಮು, ಊಟ ಎಲ್ಲ ನಮ್ಮದೇ ಬನ್ನಿ ಎಂದು ಕರೆಯುತ್ತಿದ್ದಾರೆ. ದಾರಿ ತಿಳಿಸಿ.

ಉತ್ತರ: ನಿಮ್ಮ ಪತ್ರದಲ್ಲಿ ಒಂದೇ ಗೆಲುವಿಗೆ ಮೂರು ಮೊತ್ತಗಳಿವೆ. ನಿಮ್ಮ ಮನಸ್ಸಿನ ಲೆಕ್ಕದಲ್ಲಿ ಹಳೆಯ 6 ಲಕ್ಷವನ್ನೂ ಆ ರಾತ್ರಿಯ ಎರಡೂವರೆ ಲಕ್ಷವನ್ನೂ ಕಳೆದು ನೀವು ಗೆದ್ದದ್ದು ಒಂಬತ್ತೂವರೆ ಲಕ್ಷ. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಬಂದದ್ದು 12,60,000. ಆದಾಯ ತೆರಿಗೆ ಇಲಾಖೆಯ ಕಣ್ಣಿಗೆ ಅದು ಒಂದು ರೂಪಾಯಿಯೂ ಕಡಿಮೆಯಿಲ್ಲದ 18 ಲಕ್ಷ. ನೀವು ಕೇಳಿರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಈ ಮೂರು ಮೊತ್ತಗಳ ನಡುವಿನ ಅಂತರದಿಂದಲೇ ಹುಟ್ಟಿದವು. ಆದ್ದರಿಂದ ಮೊದಲು ಆ ಅಂತರವನ್ನೇ ಬಿಡಿಸಿಕೊಳ್ಳೋಣ.

ನಷ್ಟವನ್ನು ಗೆಲುವಿನಲ್ಲಿ ಕಳೆಯಲು ಬರುವುದಿಲ್ಲ. ಹಿಂದಿನ ವರ್ಷಗಳ ನಷ್ಟ ಮಾತ್ರವಲ್ಲ, ಅದೇ ರಾತ್ರಿ, ಅದೇ ಹಡಗಿನಲ್ಲಿ, ಯಂತ್ರದಿಂದ ಹತ್ತು ಹೆಜ್ಜೆ ಆಚೆಗಿನ ಮೇಜಿನಲ್ಲಿ ಆದ ನಷ್ಟವೂ ಲೆಕ್ಕಕ್ಕಿಲ್ಲ. ಆದಾಯ ತೆರಿಗೆ ಕಾಯ್ದೆ 1961ರ ಕಲಂ 115ಬಿಬಿ ಪ್ರಕಾರ ಲಾಟರಿ, ಇಸ್ಪೀಟು, ಜೂಜು, ಬಾಜಿ ಮೊದಲಾದವುಗಳ ಗೆಲುವಿಗೆ ಶೇಕಡಾ 30ರ ಒಂದೇ ದರ; ಆ ಗೆಲುವಿಗಾಗಿ ಮಾಡಿದ ಯಾವ ಖರ್ಚನ್ನೂ ಕಳೆಯಕೂಡದೆಂದು ಕಲಂ 58ರ 4ನೇ ಉಪಕಲಂ ಹೇಳುತ್ತದೆ. ರೇಸ್ ಕುದುರೆಗಳನ್ನು ಸ್ವಂತಕ್ಕೆ ಸಾಕಿ ಓಡಿಸುವವರಿಗೆ ಮಾತ್ರ ಇದರಲ್ಲೊಂದು ವಿನಾಯಿತಿ ಇದೆ. ಕಂಬಳದ ಕೋಣ ಸಾಕುವವರು ಕಾಯ್ದೆ ಬರೆದವರ ನೆನಪಿಗೆ ಬರಲಿಲ್ಲವೆಂದು ತೋರುತ್ತದೆ.

ಇದನ್ನು ಒಪ್ಪಿಕೊಳ್ಳುವುದು ಕಷ್ಟವೆಂಬುದು ನನಗೆ ಗೊತ್ತು. ಕೆಲವು ವರ್ಷಗಳ ಹಿಂದೆ ಉಡುಪಿಯ ನಮ್ಮ ಕಚೇರಿಗೆ ಕಾರ್ಕಳದ ಕಡೆಯ ವ್ಯಾಪಾರಿಯೊಬ್ಬರು ಬಂದಿದ್ದರು. ಹಳೆಯ ಸೀರೆ ಅಂಗಡಿಯ ಪೆಟ್ಟಿಗೆಯೊಂದರಲ್ಲಿ ಮೂರು ವರ್ಷಗಳ ಚೀಟಿಗಳನ್ನೆಲ್ಲ ತಂದಿದ್ದರು: ಚಿಪ್ಪು (ಕ್ಯಾಸಿನೊದಲ್ಲಿ ಹಣದ ಬದಲು ಕಟ್ಟುವ ಬಿಲ್ಲೆ) ಕೊಂಡ ರಸೀದಿ, ಹೋಟೆಲಿನ ಬಿಲ್ಲು, ಪೆಟ್ರೋಲ್ ಬಂಕಿನ ಬಿಲ್ಲು, ಪ್ರವೇಶದ ಕೈಪಟ್ಟಿ ಕೂಡ. ವರ್ಷಕ್ಕೊಂದರಂತೆ ಮೂರು ರಬ್ಬರ್ ಬ್ಯಾಂಡು ಹಾಕಿ, ಪ್ರತಿ ಕಟ್ಟಿನ ಮೇಲೂ ಒಟ್ಟು ಮೊತ್ತ ಬರೆದಿದ್ದರು. ಅಷ್ಟು ಶಿಸ್ತಿನ ದಾಖಲೆಯನ್ನು ಅವರು ತಮ್ಮ ಅಂಗಡಿಯ ಲೆಕ್ಕಕ್ಕೂ ಇಟ್ಟವರಲ್ಲ. ಅಂಗಡಿಯಲ್ಲಾದರೆ ಅವೆಲ್ಲವೂ ಖರ್ಚಾಗುತ್ತಿದ್ದವು. ಇಲ್ಲಿ ಅವುಗಳಿಗೆ ಕಾಗದದ ಬೆಲೆಯೂ ಇಲ್ಲವೆಂದು ಅವರಿಗೆ ವಿವರಿಸಲು ನನಗೆ ಒಂದು ಗಂಟೆ ಹಿಡಿಯಿತು. ಕಾಯ್ದೆಯ ದೃಷ್ಟಿಯಲ್ಲಿ ಗೆಲುವು ಆದಾಯ, ಸೋಲು ನಿಮ್ಮ ಖಾಸಗಿ ಖರ್ಚು. ಮಗನ ಮದುವೆಗೆ ಮಾಡಿದ ಖರ್ಚನ್ನು ಹೇಗೆ ಆದಾಯದಲ್ಲಿ ಕಳೆಯಲಾಗದೋ ಇದೂ ಹಾಗೆಯೇ. ಚಿಪ್ಪು ಕೊಳ್ಳುವಾಗಿನ ಜಿಎಸ್‌ಟಿಯೂ ಇದೇ ಗುಂಪಿಗೆ ಸೇರುತ್ತದೆ. 2023ರ ಅಕ್ಟೋಬರ್ 1ರಿಂದ ಚಿಪ್ಪಿನ ಪೂರ್ಣ ಮೌಲ್ಯದ ಮೇಲೆ ಶೇಕಡಾ 28 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ ಶೇಕಡಾ 40 ಆಗಿದೆ. ಅದು ಬೇರೆಯೇ ತೆರಿಗೆ, ಗೆಲುವಿನ ತೆರಿಗೆಯ ಎದುರು ಅದನ್ನು ತೋರಿಸಲಾಗದು.

ಇನ್ನು, 5,40,000 ಹಿಡಿದ ಮೇಲೆ ನಿಮ್ಮ ತೆರಿಗೆ ಮುಗಿಯಿತೇ ಎಂಬುದನ್ನು ನೋಡೋಣ. ನೀವು ಇದನ್ನು ಕೇಳಿಲ್ಲ; ಕೇಳಬೇಕಾಗಿದ್ದ ಪ್ರಶ್ನೆ ಇದೇ. ಕ್ಯಾಸಿನೊ ಕಲಂ 194ಬಿ ಪ್ರಕಾರ ಶೇಕಡಾ 30ರಷ್ಟು ಹಿಡಿದಿದೆ. ಆದರೆ ತೆರಿಗೆಯ ಮೇಲೆ ಶೇಕಡಾ 4ರ ಆರೋಗ್ಯ ಮತ್ತು ಶಿಕ್ಷಣ ಸೆಸ್ ಇರುವುದರಿಂದ ನಿಜವಾದ ಹೊರೆ ಶೇಕಡಾ 31.2. ಅಂದರೆ 18 ಲಕ್ಷಕ್ಕೆ 5,61,600 ರೂಪಾಯಿ; 21,600 ಇನ್ನೂ ಬಾಕಿ. ಇಲ್ಲಿಗೆ ನಿಲ್ಲುವುದಾದರೆ ದೊಡ್ಡ ಮಾತಲ್ಲ. ಹೆಚ್ಚಿನವರು ಎಡವುವುದು ಇದರ ಮುಂದಿನ ಮೆಟ್ಟಿಲಿನಲ್ಲಿ.

ನಿಮ್ಮ 9,75,000 ಸಂಬಳದಲ್ಲಿ 75,000 ರೂಪಾಯಿಯ ಪ್ರಮಾಣಿತ ಕಡಿತ ಹೋಗಿ 9 ಲಕ್ಷ ಉಳಿಯುತ್ತದೆ. 2025–26ರ ಹೊಸ ಪದ್ಧತಿಯ ದರದಂತೆ 4 ಲಕ್ಷದವರೆಗೆ ತೆರಿಗೆಯಿಲ್ಲ, 4ರಿಂದ 8 ಲಕ್ಷದವರೆಗೆ ಶೇಕಡಾ 5, ಅಲ್ಲಿಂದ 12 ಲಕ್ಷದವರೆಗೆ ಶೇಕಡಾ 10. ಹಾಗಾಗಿ 9 ಲಕ್ಷಕ್ಕೆ ಬರುವುದು 30,000 ರೂಪಾಯಿ. ಒಟ್ಟು ಆದಾಯ 12 ಲಕ್ಷ ಮೀರದವರಿಗೆ ಕಲಂ 87ಎ ಈ ತೆರಿಗೆಯನ್ನು ಪೂರ್ತಿ ಮನ್ನಾ ಮಾಡುತ್ತದೆ; ನಿಮ್ಮ ಸಂಬಳದಲ್ಲಿ ಈ ವರ್ಷ ತೆರಿಗೆ ಹಿಡಿಯದಿರಲು ಕಾರಣ ಅದೇ. ಆದರೆ ಆ ‘ಒಟ್ಟು ಆದಾಯ’ದಲ್ಲಿ ಜಾಕ್‌ಪಾಟೂ ಸೇರುತ್ತದೆ. ನಿಮ್ಮ ಒಟ್ಟು ಆದಾಯ ಈಗ 27 ಲಕ್ಷ. ಆದ್ದರಿಂದ ಗೆಲುವಿಗೂ ಸಂಬಳಕ್ಕೂ ಸಂಬಂಧವೇ ಇಲ್ಲದಿದ್ದರೂ ಸಂಬಳದ ಮೇಲಿನ ಮನ್ನಾ ಕೈತಪ್ಪಿತು. 5,40,000ಕ್ಕೆ 30,000 ಸೇರಿ 5,70,000, ಅದರ ಮೇಲೆ ಸೆಸ್ 22,800, ಒಟ್ಟು 5,92,800. ಹಿಡಿದ 5,40,000 ಕಳೆದರೆ ನೀವು ಇನ್ನೂ ಕಟ್ಟಬೇಕಾದದ್ದು 52,800 ರೂಪಾಯಿ. ಮರಳಿ ಪಡೆಯುವ ಮಾತು ಹಾಗಿರಲಿ, ಕೈಯಿಂದಲೇ ಕೊಡಬೇಕು.

ಬಾಕಿ 10,000 ರೂಪಾಯಿ ಮೀರುವುದರಿಂದ ಇದು ವರ್ಷದೊಳಗೇ ಕಂತುಗಳಲ್ಲಿ ಕಟ್ಟಬೇಕಾದ ಮುಂಗಡ ತೆರಿಗೆಯ ವ್ಯಾಪ್ತಿಗೆ ಬರುತ್ತದೆ. ಜೂಜಿನ ಗೆಲುವನ್ನು ಮೊದಲೇ ಊಹಿಸಲು ಯಾರಿಂದಲೂ ಆಗದೆಂಬುದನ್ನು ಕಾಯ್ದೆಯೂ ಒಪ್ಪಿಕೊಂಡಿದೆ. ಗೆಲುವು ಬಂದ ನಂತರದ ಕಂತುಗಳಲ್ಲಿ ಅದರ ತೆರಿಗೆ ಕಟ್ಟಿದರೆ ಹಿಂದಿನ ಕಂತುಗಳು ತಪ್ಪಿದ್ದಕ್ಕೆ ಬಡ್ಡಿ ಹಾಕುವುದಿಲ್ಲ. ನಿಮಗೆ ಉಳಿದಿರುವ ಕಂತು 2026ರ ಮಾರ್ಚ್ 15ರದ್ದು. ಅಷ್ಟರೊಳಗೆ ಇಲಾಖೆಯ ಜಾಲತಾಣದಲ್ಲಿ ನಿಮ್ಮ ಪಾನ್ ಹಾಕಿ 52,800 ಕಟ್ಟಿ, ಚಲನ್‌ನ ಪ್ರತಿ ತೆಗೆದಿಟ್ಟುಕೊಳ್ಳಿ. ಗೆಲುವು ಅಕ್ಟೋಬರ್–ಡಿಸೆಂಬರ್ ತ್ರೈಮಾಸಿಕದ್ದಾದ್ದರಿಂದ ಕ್ಯಾಸಿನೊ ನಮೂನೆ 16ಎ ಎಂಬ ಪ್ರಮಾಣಪತ್ರವನ್ನು ಫೆಬ್ರವರಿ ಮಧ್ಯದೊಳಗೆ ಕೊಡಬೇಕು. ಬಾರದಿದ್ದರೆ ಈಮೇಲ್ ಬರೆದು ಕೇಳಿ, ಫೋನಿನಲ್ಲಿ ಕೇಳಿದರೆ ಸಾಲದು. ರಿಟರ್ನ್ ಸಲ್ಲಿಸುವಾಗ ಈವರೆಗೆ ನೀವು ಬಳಸುತ್ತಿದ್ದ ಸಹಜ್, ಅಂದರೆ ಐಟಿಆರ್–1, ನಡೆಯುವುದಿಲ್ಲ. ಇಂಥ ಗೆಲುವಿದ್ದ ಸಂಬಳದಾರರು ಐಟಿಆರ್–2 ಸಲ್ಲಿಸಬೇಕು. ಒಟ್ಟು ಆದಾಯ 50 ಲಕ್ಷ ಮೀರಿದವರಿಗೆ ಸರ್ಚಾರ್ಜ್ ಕೂಡ ಬೀಳುತ್ತದೆ. ನಿಮಗೆ ಆ ಚಿಂತೆ ಇಲ್ಲ. 2026ರ ಏಪ್ರಿಲ್ 1ರಿಂದ ಆದಾಯ ತೆರಿಗೆ ಕಾಯ್ದೆ 2025 ಜಾರಿಗೆ ಬಂದು ಕಲಂಗಳ ಸಂಖ್ಯೆಗಳೆಲ್ಲ ಬದಲಾಗುತ್ತವೆಯಾದರೂ, ನಿಮ್ಮ ಗೆಲುವು ಅದಕ್ಕೂ ಮೊದಲಿನ ಹಣಕಾಸು ವರ್ಷಕ್ಕೆ ಸೇರಿರುವುದರಿಂದ ಹಳೆಯ ಕಾಯ್ದೆಯೇ ಅನ್ವಯಿಸುತ್ತದೆ.

ನಿಮ್ಮಂತೆ ಯಂತ್ರದಲ್ಲಿ ಗೆದ್ದವರ ಸ್ಥಿತಿ ಒಂದು ಲೆಕ್ಕಕ್ಕೆ ಸಲೀಸು. ಜಾಕ್‌ಪಾಟ್ ಬಿದ್ದ ಕೂಡಲೇ ಯಂತ್ರ ಸ್ತಬ್ಧವಾಗುತ್ತದೆ, ಸಿಬ್ಬಂದಿ ಬರುತ್ತಾರೆ, ಪಾನ್ ಮತ್ತು ಗುರುತಿನ ಚೀಟಿ ಕೇಳುತ್ತಾರೆ, ಮೊತ್ತ ಒಂದೇ ಸಾಲಿನಲ್ಲಿ ದಾಖಲಾಗುತ್ತದೆ. ಮೇಜಿನ ಆಟದಲ್ಲಿ ಹಾಗಲ್ಲ; ಗೆದ್ದದ್ದೂ ಸೋತದ್ದೂ ಚಿಪ್ಪಿನ ರಾಶಿಯೊಳಗೆ ಕಲಸಿಹೋಗುತ್ತದೆ. ಅಲ್ಲಿ ತೆರಿಗೆ ಹಿಡಿಯದೆ ಹಣ ಕೈಗೆ ಬಂದರೂ ಆದಾಯವನ್ನು ತೋರಿಸಿ ತೆರಿಗೆ ಕಟ್ಟುವ ಹೊಣೆ ಗೆದ್ದವರದ್ದೇ. ಕಾರು, ಬೈಕಿನಂಥ ವಸ್ತುವೇ ಬಹುಮಾನವಾಗಿದ್ದರೆ ಅದರ ಬೆಲೆಯ ಮೇಲಿನ ತೆರಿಗೆ ಸಂದಾಯವಾಗುವ ತನಕ ಕೀಲಿಕೈ ಕೊಡುವಂತಿಲ್ಲ. 12 ಲಕ್ಷದ ಕಾರು ಗೆದ್ದವರು ಮನೆಗೆ ತರುವ ಮೊದಲು 3,60,000 ರೂಪಾಯಿ ಹೊಂದಿಸಬೇಕಾಗುತ್ತದೆ. ಎಷ್ಟೋ ಜನ ಆ ಕಾರನ್ನು ಮಾರಿಯೇ ಸಾಲ ತೀರಿಸುತ್ತಾರೆ.

ಈಗ ನಿಮ್ಮ ಸೋದರಮಾವನವರ ಸಲಹೆಗೆ ಬರುತ್ತೇನೆ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲವೆಂಬುದು ನಿಜ, ಮತ್ತು ಅಡಿಕೆ ತೋಟವಿರುವ ಮನೆಗಳಲ್ಲಿ ಈ ಉಪಾಯ ಯಾರಿಗಾದರೂ ಒಮ್ಮೆ ಹೊಳೆದೇ ಹೊಳೆಯುತ್ತದೆ. ಆದರೆ ಅಡಿಕೆ ಮರ ಟಿಡಿಎಸ್ ಹಿಡಿದು ಕೊಡುವುದಿಲ್ಲ. 5,40,000 ರೂಪಾಯಿ ಹಿಡಿದದ್ದು ಯಾವ ಕಲಂ ಅಡಿಯಲ್ಲಿ, ಹಿಡಿದವರು ಯಾರು, ಮೂಲ ಮೊತ್ತವೆಷ್ಟು ಎಂಬುದೆಲ್ಲ ನಿಮ್ಮ ಪಾನ್‌ಗೆ ಜೋಡಿಸಿದ 26ಎಎಸ್ ಮತ್ತು ಎಐಎಸ್ ಪಟ್ಟಿಗಳಲ್ಲಿ ಮೂಡಿರುತ್ತದೆ. ನೀವು ರಿಟರ್ನ್ ತೆರೆಯುವ ಮೊದಲೇ ಇಲಾಖೆ ಅದನ್ನು ಓದಿರುತ್ತದೆ. ಅಡಿಕೆ ಎಂದು ಬರೆದರೆ ಮುಂದಿನ ಪ್ರಶ್ನೆಗಳು ಯಾವುವೆಂದು ಊಹಿಸುವುದು ಕಷ್ಟವಲ್ಲ: ಪಹಣಿ ಯಾರ ಹೆಸರಿನಲ್ಲಿದೆ, ಎಷ್ಟು ಎಕರೆ, ಎಷ್ಟು ಮರ, ಕೊಯ್ಲು ಯಾವಾಗ, ಕ್ಯಾಂಪ್ಕೊಗೆ ಕೊಟ್ಟಿರೋ ಖಾಸಗಿ ಮಂಡಿಗೆ ಕೊಟ್ಟಿರೋ, ಬಿಲ್ಲು ಎಲ್ಲಿ. ತೋಟ ಮಾವನವರ ಹೆಸರಿನಲ್ಲಿದ್ದರೆ ಮೊದಲ ಪ್ರಶ್ನೆಯಲ್ಲೇ ಮುಗಿಯಿತು. ವಾಸ್ತವವನ್ನು ತಿರುಚಿ ತೋರಿಸಿದ ಆದಾಯಕ್ಕೆ ಕಲಂ 270ಎ ಪ್ರಕಾರ ತೆರಿಗೆಯ ಎರಡು ಪಟ್ಟು ದಂಡವಿದೆ, ತೆರಿಗೆ ಮತ್ತು ಬಡ್ಡಿ ಅದಕ್ಕೆ ಪ್ರತ್ಯೇಕ.

ಇದಲ್ಲದೆ ಕ್ಯಾಸಿನೊಗಳು ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯಡಿ ಗ್ರಾಹಕರ ಗುರುತಿನ ದಾಖಲೆ ಇಟ್ಟುಕೊಂಡು, 10 ಲಕ್ಷ ಮೀರಿದ ನಗದು ವ್ಯವಹಾರಗಳನ್ನು ಹಣಕಾಸು ಗುಪ್ತಚರ ಘಟಕಕ್ಕೆ ತಿಳಿಸಬೇಕಾದ ಸಂಸ್ಥೆಗಳು. ಗೋವಾದಲ್ಲಿ ಕ್ಯಾಸಿನೊ ಕಾನೂನುಬದ್ಧ. ಅಲ್ಲಿನ 1976ರ ಸಾರ್ವಜನಿಕ ಜೂಜು ಕಾಯ್ದೆಗೆ ತಿದ್ದುಪಡಿ ಮಾಡಿ ಮೊದಲು ಪಂಚತಾರಾ ಹೋಟೆಲುಗಳಿಗೆ, ಆಮೇಲೆ ಹಡಗುಗಳಿಗೆ ಅನುಮತಿ ಕೊಟ್ಟಿದ್ದಾರೆ. ಆದ್ದರಿಂದ ನೀವು ಅಲ್ಲಿ ಆಡಿದ್ದು ಅಪರಾಧವಲ್ಲ, ಗೆದ್ದ ಹಣ ಕಳ್ಳಹಣವೂ ಅಲ್ಲ. ತೆರಿಗೆ ಕಟ್ಟಿದ ಶುದ್ಧ ಹಣವನ್ನು ಅಡಿಕೆಯ ವೇಷ ತೊಡಿಸಿ ಕಪ್ಪುಹಣ ಮಾಡಿಕೊಳ್ಳುವುದು ಯಾವ ಜಾಣತನವೋ ನನಗೆ ತಿಳಿಯದು.

ಮಾವನವರಿಗೆ 5 ಲಕ್ಷ ಕೊಡುವ ವಿಚಾರದಲ್ಲಿ ಮಾತ್ರ ತೆರಿಗೆ ಕಾಯ್ದೆ ತುಳುನಾಡಿನವರಿಗೆ ಒಂದು ಸೋಜಿಗವನ್ನು ಇಟ್ಟಿದೆ. ಭೂತಾಳಪಾಂಡ್ಯನ ಕಟ್ಟು ಎಂದು ನಮ್ಮ ಹಿರಿಯರು ಹೇಳುತ್ತಿದ್ದ, ಸೋದರಮಾವನ ಆಸ್ತಿ ಅಳಿಯನಿಗೆ ಸೇರುವ ಅಳಿಯಸಂತಾನ ಪದ್ಧತಿಯಲ್ಲಿ ಮಾವ–ಅಳಿಯರ ಸಂಬಂಧಕ್ಕಿಂತ ಗಟ್ಟಿಯಾದದ್ದು ಬೇರೆ ಇರಲಿಲ್ಲ. ತೆರಿಗೆ ಕಾಯ್ದೆಯಲ್ಲಿ ಆ ಸಂಬಂಧ ಒಂದೇ ದಿಕ್ಕಿಗೆ ಹರಿಯುತ್ತದೆ. ಉಡುಗೊರೆಯನ್ನು ಯಾರು ಪಡೆಯುತ್ತಾರೋ ಅವರ ಕಡೆಯಿಂದ ಕಾಯ್ದೆ ‘ಸಂಬಂಧಿ’ಯನ್ನು ಗುರುತಿಸುತ್ತದೆ. ತಂದೆ ಅಥವಾ ತಾಯಿಯ ಅಣ್ಣತಮ್ಮಂದಿರು ಮತ್ತು ಅಕ್ಕತಂಗಿಯರು ಆ ಪಟ್ಟಿಯಲ್ಲಿದ್ದಾರೆ; ಆದ್ದರಿಂದ ಸೋದರಮಾವ ಅಳಿಯನಿಗೆ ಎಷ್ಟು ಕೊಟ್ಟರೂ ಅಳಿಯನಿಗೆ ತೆರಿಗೆಯಿಲ್ಲ. ಆದರೆ ಅಕ್ಕ ಅಥವಾ ತಂಗಿಯ ಮಗ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಅಳಿಯ ಮಾವನಿಗೆ ಕೊಟ್ಟದ್ದು 50,000 ರೂಪಾಯಿ ಮೀರಿದರೆ, ಮೀರಿದ ಭಾಗವಷ್ಟೇ ಅಲ್ಲ, ಇಡೀ ಮೊತ್ತ ಮಾವನ ಆದಾಯವಾಗುತ್ತದೆ.

ಇದರಿಂದ ಗಾಬರಿಯಾಗಬೇಕಿಲ್ಲ. ಮಾವನವರಿಗೆ ತೋಟದ ಹೊರತು ಬೇರೆ ಹೆಚ್ಚಿನ ಆದಾಯವಿಲ್ಲದಿದ್ದರೆ, ಹೊಸ ಪದ್ಧತಿಯಲ್ಲಿ ಅವರ ತೆರಿಗೆಗೊಳಪಡುವ ಆದಾಯ 12 ಲಕ್ಷದೊಳಗೇ ಉಳಿದು ಮನ್ನಾ ಸಿಗುತ್ತದೆ. ರಿಟರ್ನ್ ಸಲ್ಲಿಸುವ ಕೆಲಸ ಮಾತ್ರ ಅವರ ಹೆಗಲಿಗೆ ಬೀಳುತ್ತದೆ. ಇನ್ನೊಂದು ದಾರಿಯೂ ಇದೆ. ಮಗ ತಾಯಿಗೆ ಕೊಟ್ಟದ್ದಕ್ಕೆ ತೆರಿಗೆಯಿಲ್ಲ, ಅಕ್ಕ ಅಥವಾ ತಂಗಿ ತನ್ನ ಸಹೋದರನಿಗೆ ಕೊಟ್ಟದ್ದಕ್ಕೂ ತೆರಿಗೆಯಿಲ್ಲ. ನಿಮ್ಮ ತಾಯಿಯವರು ನಿಜವಾಗಿಯೂ ತಮ್ಮ ಇಷ್ಟದಿಂದ ತವರಿಗೆ ಕೊಡುವುದಾದರೆ ಅದರಲ್ಲಿ ತಪ್ಪಿಲ್ಲ. ಬೆಳಿಗ್ಗೆ ಅವರ ಖಾತೆಗೆ ಹಾಕಿ ಮಧ್ಯಾಹ್ನವೇ ದಾಟಿಸಿ ಅವರನ್ನು ಬರಿಯ ಕಾಲುವೆ ಮಾಡಿಕೊಂಡರೆ ಅಧಿಕಾರಿ ಅದನ್ನು ಒಪ್ಪಬೇಕೆಂದಿಲ್ಲ. ಯಾವ ದಾರಿಯಾದರೂ ಬ್ಯಾಂಕಿನ ಮೂಲಕವೇ ಕೊಡಿ. ಒಬ್ಬರಿಂದ ಒಂದು ದಿನದಲ್ಲಿ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಕಲಂ 269ಎಸ್‌ಟಿ ನಿಷೇಧಿಸಿದೆ, ಮತ್ತು ಪಡೆದಷ್ಟೇ ಮೊತ್ತದ ದಂಡ ಪಡೆದವರ ಮೇಲೆ ಬೀಳುತ್ತದೆ. ಕವರಿನಲ್ಲಿ 5 ಲಕ್ಷ ಹಾಕಿ ಕಾಲಿಗೆ ನಮಸ್ಕರಿಸಿ ಕೊಟ್ಟರೆ, ಮಾವನವರಿಗೆ ನೀವು ಕೊಟ್ಟದ್ದು 5 ಲಕ್ಷದ ದಂಡವನ್ನೇ ಆದೀತು.

ಆದರೆ ಕೊಡುವ ಮೊದಲು ನಿಮ್ಮ ಕೈಯಲ್ಲಿ ನಿಜವಾಗಿ ಇರುವುದೆಷ್ಟು ಎಂಬುದನ್ನೂ ಬರೆದುಬಿಡುತ್ತೇನೆ. ಖಾತೆಗೆ ಬಂದ 12,60,000ದಲ್ಲಿ ಆ ರಾತ್ರಿಯ 2,50,000 ಕಳೆದರೆ 10,10,000. ಬಾಕಿ ತೆರಿಗೆ 52,800 ಕಳೆದರೆ 9,57,200. ಈ ಮೊತ್ತ ನೀವು ಮನಸ್ಸಿನಲ್ಲಿ ಗೆದ್ದೆನೆಂದುಕೊಂಡ ಒಂಬತ್ತೂವರೆ ಲಕ್ಷಕ್ಕೆ ಬಹಳ ಹತ್ತಿರವಿದೆ. ಅದು ಬರಿಯ ಕಾಕತಾಳೀಯ, ಮತ್ತು ಅಪಾಯಕಾರಿ ಕಾಕತಾಳೀಯ, ಏಕೆಂದರೆ ಹಳೆಯ 6 ಲಕ್ಷವನ್ನು ಇಲ್ಲಿ ಇನ್ನೂ ಕಳೆದಿಲ್ಲ. ಅದನ್ನೂ ಕಳೆದರೆ ಐದು ಪ್ರಯಾಣಗಳಿಂದ ನಿಮಗಾದ ಒಟ್ಟು ಲಾಭ 3,57,200 ರೂಪಾಯಿ, ಕಾರಿನ ಪೆಟ್ರೋಲು ಮತ್ತು ರೂಮಿನ ಬಾಡಿಗೆ ಹೊರತಾಗಿ. 18 ಲಕ್ಷ ಗೆದ್ದವನೆಂದು ಊರೆಲ್ಲ ಮಾತಾಡಿಕೊಳ್ಳುತ್ತಿರುವಾಗ ಈ ಮೊತ್ತ ನಿಮಗೊಬ್ಬರಿಗೇ ಗೊತ್ತಿರುತ್ತದೆ. ಮಾವನವರಿಗೆ 5 ಲಕ್ಷ ಕೊಟ್ಟರೆ ನಿಮ್ಮ ಲಾಭದ ಜೊತೆಗೆ ನಿಮ್ಮ ಹಳೆಯ ಸಂಬಳದಿಂದಲೂ ಒಂದೂವರೆ ಲಕ್ಷದಷ್ಟನ್ನು ಕೊಟ್ಟ ಹಾಗೆ. ಓದಿಸಿದವರಿಗೆ ಕೊಡಬಾರದೆಂದು ನಾನು ಹೇಳಲಾರೆ. ಯಾವ ಹಣದಿಂದ ಕೊಡುತ್ತಿದ್ದೀರೆಂದು ತಿಳಿದು ಕೊಡಿ.

ಸ್ನೇಹಿತರ ಪಾಲಿನ ಪ್ರಶ್ನೆ ನೀವು ಅಂದುಕೊಂಡಷ್ಟು ಹಗುರವಲ್ಲ. ಬಾಜಿಯ ಒಪ್ಪಂದ ಅನೂರ್ಜಿತವೆಂದು 1872ರ ಭಾರತೀಯ ಕರಾರು ಕಾಯ್ದೆಯ ಕಲಂ 30 ಹೇಳುತ್ತದೆಂಬುದನ್ನು ಹಿಡಿದು, ಹಾಗಾದರೆ ಕಾರಿನಲ್ಲಾದ ಮಾತಿಗೆ ಬೆಲೆಯಿಲ್ಲವೆಂದು ಹಲವರು ತೀರ್ಮಾನಿಸುತ್ತಾರೆ. ಆದರೆ ಬಾಜಿ ಕಟ್ಟುವ ಒಪ್ಪಂದ ಬೇರೆ, ಬಾಜಿಗಾಗಿ ಜೊತೆಗೂಡಿದವರು ತಮ್ಮತಮ್ಮೊಳಗೆ ಮಾಡಿಕೊಂಡ ಒಪ್ಪಂದ ಬೇರೆ. ಎರಡನೆಯದು ಕಾನೂನುಬಾಹಿರವಲ್ಲವೆಂದು ಸುಪ್ರೀಂ ಕೋರ್ಟ್ 1959ರಲ್ಲಿ ಘೇರುಲಾಲ್ ಪಾರಖ್ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಆದ್ದರಿಂದ ಮೂವರೂ ದುಡ್ಡು ಸೇರಿಸಿ ಆಡಿದ್ದರೆ, ಅಥವಾ ಪಾಲಿನ ಮಾತು ವಾಟ್ಸಾಪಿನಲ್ಲಿ ಬರಹದಲ್ಲಿದ್ದರೆ, ಅವರ ಹಕ್ಕನ್ನು ಸುಲಭವಾಗಿ ತಳ್ಳಿಹಾಕಲಾಗದು. ನಿಮ್ಮ ಪತ್ರದಂತೆ ಆಟದ ದುಡ್ಡು ನಿಮ್ಮದು, ಬರಹ ಯಾವುದೂ ಇಲ್ಲ, ದಾಖಲೆಯಲ್ಲಿರುವ ಪಾನ್ ನಿಮ್ಮೊಬ್ಬರದ್ದೇ. ಪಾಲನ್ನು ರುಜುವಾತು ಮಾಡುವ ಭಾರ ಅವರ ಮೇಲಿದೆ. ಕುಂದಾಪುರ ದಾಟುವಷ್ಟರಲ್ಲಿ ತಮಾಷೆಗೆ ಆಡಿದ ಮಾತೋ, ಮನಸ್ಸಿಟ್ಟು ಕೊಟ್ಟ ಮಾತೋ ಎಂಬುದು ನಿಮಗೇ ಗೊತ್ತು. ನನ್ನ ಸಲಹೆಯೇನೆಂದರೆ, ಗೆಲುವನ್ನು ಪೂರ್ತಿ ನಿಮ್ಮ ರಿಟರ್ನಿನಲ್ಲೇ ತೋರಿಸಿ, ತೆರಿಗೆ ಕಟ್ಟಿ, ಆಮೇಲೆ ನಿಮಗೆ ಸರಿಕಂಡಷ್ಟನ್ನು ಕೊಡಿ. ಸ್ನೇಹಿತರು ಕಾಯ್ದೆಯ ಪಟ್ಟಿಯ ಸಂಬಂಧಿಗಳಲ್ಲ. ಅವರು ಒಂದು ವರ್ಷದಲ್ಲಿ ಎಲ್ಲರಿಂದ ಪಡೆಯುವ ಇಂಥ ಉಡುಗೊರೆಗಳ ಒಟ್ಟು ಮೊತ್ತ 50,000 ಮೀರದಿದ್ದರೆ ಅವರಿಗೂ ತೆರಿಗೆಯ ತೊಡಕಿಲ್ಲ. 18 ಲಕ್ಷದ ಮೂರನೆಯ ಒಂದು ಪಾಲು 6 ಲಕ್ಷವೆಂದು ಯಾರಾದರೂ ಕೈಬೆರಳಲ್ಲಿ ಎಣಿಸಿದರೆ, ಮೇಲಿನ 3,57,200ರ ಲೆಕ್ಕವನ್ನು ಅವರ ಮುಂದಿಡಿ.

ಹರಕೆ ಆಟದ ವೀಳ್ಯಕ್ಕಾಗಲಿ ದೇವಸ್ಥಾನದ ಕಾಣಿಕೆಗಾಗಲಿ ಈ ಗೆಲುವಿನಲ್ಲಿ ಯಾವ ತೆರಿಗೆ ಕಡಿತವೂ ಸಿಗುವುದಿಲ್ಲ. ದಾನಕ್ಕೆ ಕಡಿತ ಕೊಡುವ ಕಲಂ 80ಜಿ ಹೊಸ ಪದ್ಧತಿಯಲ್ಲಿ ಇಲ್ಲವೇ ಇಲ್ಲ, ಇದ್ದಿದ್ದರೂ ಇಂಥ ಆದಾಯದ ಎದುರು ಅದು ನಿಲ್ಲುತ್ತಿರಲಿಲ್ಲ. ಮಂದಾರ್ತಿಯ ಆಟಕ್ಕೆ ಹೆಸರು ಬರೆಸಿದರೆ ಸರದಿ ಬರಲು ವರ್ಷಗಳೇ ಹಿಡಿಯುವುದರಿಂದ, ಆ ಖರ್ಚಿನ ಆತುರವೂ ನಿಮಗಿಲ್ಲ.

ಉಳಿದದ್ದು ಕ್ಯಾಸಿನೊದವರ ಫೋನ್. ಇದು ಲೆಕ್ಕಪರಿಶೋಧಕನ ವಿಷಯವಲ್ಲವೆಂದು ಬಿಡಬಹುದಿತ್ತು, ಆದರೆ ಲೆಕ್ಕ ಇದರಲ್ಲೂ ಇದೆ. ಒಂದೇ ಸೊನ್ನೆಯಿರುವ ರೂಲೆಟ್ ಚಕ್ರದಲ್ಲಿ 37 ಮನೆಗಳಿವೆ. ಒಂದು ಸಂಖ್ಯೆಯ ಮೇಲೆ ಕಟ್ಟಿ ಗೆದ್ದರೆ ಕೊಡುವುದು ಒಂದಕ್ಕೆ 35. ಈ ಎರಡರ ನಡುವಿನ ಕೊರತೆಯೇ ಕ್ಯಾಸಿನೊದವರ ಪಾಲು: ಕಟ್ಟಿದ ಹಣದ ಶೇಕಡಾ 2.7. ಎರಡು ಸೊನ್ನೆಯ ಚಕ್ರವಾದರೆ ಶೇಕಡಾ 5.26. ಕೇಳಲು ಸಣ್ಣದೆನಿಸುವ ಈ ಶೇಕಡಾವಾರು ನಿಮ್ಮ ಜೇಬಿನಲ್ಲಿರುವ ಹಣದ ಮೇಲೆ ಬೀಳುವುದಲ್ಲ, ನೀವು ಪ್ರತಿ ಸುತ್ತಿನಲ್ಲೂ ಕಟ್ಟಿದ ಹಣದ ಒಟ್ಟು ಮೊತ್ತದ ಮೇಲೆ. ಸುತ್ತಿಗೆ 5,000 ರೂಪಾಯಿಯಂತೆ ಗಂಟೆಗೆ 40 ಸುತ್ತು ಆಡಿದರೆ ಕಟ್ಟಿದ್ದು 2 ಲಕ್ಷ, ಸರಾಸರಿ ನಷ್ಟ 5,400. ಗೆದ್ದ ಮೇಲೆ ಯಾರೂ 5,000 ಕಟ್ಟುವುದಿಲ್ಲ. ಗೆದ್ದ ಹಣವನ್ನು ಜನ ತಮ್ಮ ಹಣವೆಂದು ಬಗೆಯದೆ ಕ್ಯಾಸಿನೊದ್ದೇ ಹಣವೆಂಬಂತೆ ಹೆಚ್ಚು ಧೈರ್ಯದಿಂದ ಕಟ್ಟುತ್ತಾರೆಂಬುದನ್ನು, ಮುಂದೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ರಿಚರ್ಡ್ ಥೇಲರ್ 1990ರಷ್ಟು ಹಿಂದೆಯೇ ಸಹಲೇಖಕರೊಬ್ಬರೊಂದಿಗೆ ಪ್ರಯೋಗಗಳಿಂದ ತೋರಿಸಿದ್ದರು. ಆ ರಾತ್ರಿ ನಿಮ್ಮ ಎರಡೂವರೆ ಲಕ್ಷ ಹೋದದ್ದೂ ಹಾಗೆಯೇ ಎಂದು ನನ್ನ ಊಹೆ. ಸುತ್ತಿಗೆ 50,000 ಕಟ್ಟಿದರೆ ಸರಾಸರಿ ನಷ್ಟ ಗಂಟೆಗೆ 54,000. ನಿಮ್ಮ ಕೈಯಲ್ಲಿರುವ 9,57,200 ಹದಿನೆಂಟು ಗಂಟೆ ಬಾಳುವಷ್ಟು ಹಣ, ಅಂದರೆ ಮೂರು ವಾರಾಂತ್ಯಗಳು. ಪುಕ್ಕಟೆ ರೂಮಿನ ಲೆಕ್ಕವನ್ನು ಅವರು ಹಾಕಿರುವುದು ಈ ಮೊತ್ತದ ಮೇಲೆ.

ತಕ್ಷಣಕ್ಕೆ ಮಾಡಬೇಕಾದದ್ದೆಂದರೆ, 52,800ನ್ನು ತೆರಿಗೆಗೆ ಕಟ್ಟಿಬಿಟ್ಟು, ಉಳಿದದ್ದರಲ್ಲಿ ಹೆಚ್ಚಿನದನ್ನು ಕನಿಷ್ಠ ಒಂದು ವರ್ಷದ ಠೇವಣಿಗೆ ಹಾಕುವುದು. ಠೇವಣಿ ವಿಮೆ ಒಬ್ಬ ಗ್ರಾಹಕನಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಮಾತ್ರ ಇರುವುದರಿಂದ ಎರಡು ಬ್ಯಾಂಕುಗಳಲ್ಲಿ ಹಂಚಿ ಇಡಿ. 1928ರಲ್ಲಿ ದಿನಕ್ಕೆ ಎರಡಾಣೆಯಂತೆ ಮನೆಮನೆಗೆ ಬಂದು ಪಿಗ್ಮಿ ಸಂಗ್ರಹಿಸಿದ ಊರು ನಮ್ಮದು. ಹಣವನ್ನು ಕೈಗೆ ಸಿಗದಂತೆ ಇಡುವುದೇ ಅದನ್ನು ಉಳಿಸುವ ಉಪಾಯವೆಂಬುದು ಇಲ್ಲಿನವರಿಗೆ ಹೊಸತಲ್ಲ. ಕ್ಯಾಸಿನೊದ ಸಂದೇಶಗಳು ಬೇಡವೆಂದು ಬರಹದಲ್ಲಿ ತಿಳಿಸಿ, ನಂಬರನ್ನು ತಡೆಹಿಡಿಯಿರಿ. ಇನ್ನೊಂದು ಮಾತು, ನನ್ನ ವೃತ್ತಿಯ ಎಲ್ಲೆ ಮೀರಿದ್ದು: ಎರಡು ವರ್ಷಗಳಲ್ಲಿ ಕಳೆದ 6 ಲಕ್ಷ ನಿಮ್ಮ ಏಳು ತಿಂಗಳ ಸಂಬಳಕ್ಕಿಂತ ಹೆಚ್ಚು. ಅದರಲ್ಲಿ ಸಾಲದ ಹಣವಿದ್ದರೆ, ಅಥವಾ ಮನೆಯವರಿಂದ ಅದನ್ನು ಮುಚ್ಚಿಟ್ಟಿದ್ದರೆ, ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ. ಜೂಜಿನ ಗೀಳನ್ನು ವೈದ್ಯಶಾಸ್ತ್ರ ಈಗ ಮದ್ಯದ ಗೀಳಿನ ಸಾಲಿನಲ್ಲೇ ಇಟ್ಟು ನೋಡುತ್ತದೆ.

ಪತ್ರದ ಕೊನೆಯಲ್ಲಿ, ನೆನಪಿಗೆಂದು ಐನೂರು ರೂಪಾಯಿಯ ಒಂದು ಚಿಪ್ಪನ್ನು ತಂದು ಇಟ್ಟುಕೊಂಡಿದ್ದೇನೆ, ಅದನ್ನೂ ರಿಟರ್ನಿನಲ್ಲಿ ತೋರಿಸಬೇಕೇ ಎಂದು ಕೇಳಿದ್ದೀರಿ. ಬೇಡ. ಅದು ನೀವು ದುಡ್ಡು ಕೊಟ್ಟು ಕೊಂಡದ್ದು, ಗೆದ್ದದ್ದಲ್ಲ, ಮತ್ತು ಆ ಹಡಗಿನಿಂದ ಇಳಿದ ಮೇಲೆ ಅದು ಹಣವೂ ಅಲ್ಲ. ಹೆಚ್ಚೆಂದರೆ ಎರಡೂವರೆ ಲಕ್ಷದ ಜೊತೆಗೆ ಇನ್ನೊಂದು ಐನೂರನ್ನು ಸೇರಿಸಿ ಬರೆದುಕೊಳ್ಳಿ.